ತಲೆಗೆ ಪೆಟ್ಟು ಬಿದ್ದ ಮೇಲೆ ಆಕ್ಸಿಜನ್ ಚೇಂಬರ್ ಬೇಕಾ?

ಪ್ರಶ್ನೆ: ನನ್ನ ತಮ್ಮನಿಗೆ 29 ವರ್ಷ. ಏಳು ತಿಂಗಳ ಹಿಂದೆ ಬೈಕಿನಿಂದ ಬಿದ್ದ, ತಲೆಗೆ ಪೆಟ್ಟಾಯಿತು. ಸ್ಕ್ಯಾನ್ ನಾರ್ಮಲ್. ಆದರೂ ತಲೆನೋವು, ತಲೆಸುತ್ತು, ಮರೆವು ಬಿಟ್ಟಿಲ್ಲ. ಹತ್ತು ನಿಮಿಷ ಮೊಬೈಲ್ ನೋಡಿದರೆ ಸಾಕು, ಮಲಗಿಬಿಡುತ್ತಾನೆ. ಹೈಪರ್‌ಬಾರಿಕ್ ಆಕ್ಸಿಜನ್ 40 ಸಿಟ್ಟಿಂಗ್ ಮಾಡಿಸಿ ಅಂತ ಒಬ್ಬರು ಹೇಳಿದರು. ಸಾಲ ಮಾಡಿಯಾದರೂ ಮಾಡಿಸೋಣವೇ?

ಉತ್ತರ: ಸಾಲ ಮಾಡಬೇಡಿ. ಮೊದಲಿಗೆ, ಅವನ ನೋವು ನಿಜ ಅಂತ ಮನೆಯವರೆಲ್ಲ ನಂಬಿ. ಕನ್ಕಶನ್‌ನಲ್ಲಿ (ತಲೆಗೆ ಪೆಟ್ಟು ಬಿದ್ದು ಮೆದುಳು ಅಲುಗಿದಾಗ) ಮೆದುಳಿನ ಕೆಲಸ ಏರುಪೇರಾಗಿರುತ್ತದೆ, ಅದು ಮಾಮೂಲಿ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ.

ಈ ಚೇಂಬರಿನಲ್ಲಿ ಗಾಳಿಯ ಒತ್ತಡ ಹೆಚ್ಚಿಸಿ ಶುದ್ಧ ಆಕ್ಸಿಜನ್ ಉಸಿರಾಡಿಸುತ್ತಾರೆ, ಆಗ ರಕ್ತದಲ್ಲಿ ಜಾಸ್ತಿ ಆಕ್ಸಿಜನ್ ಕರಗುತ್ತದೆ. ಆಳ ನೀರಿಗಿಳಿದವರಿಗೆ ಬರುವ ತೊಂದರೆ, ಕಾರ್ಬನ್ ಮಾನಾಕ್ಸೈಡ್ ವಿಷ, ಸಕ್ಕರೆ ಕಾಯಿಲೆಯವರ ಮಾಯದ ಕಾಲಿನ ಹುಣ್ಣು, ಇವಕ್ಕೆಲ್ಲ ಇದು ಒಪ್ಪಿತ ಚಿಕಿತ್ಸೆ. ಕನ್ಕಶನ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿಲ್ಲ.

ಹಾಗಾದರೆ ಈ ಆಸೆ ಎಲ್ಲಿಂದ ಬಂತು? 2013ರಲ್ಲಿ ಇಸ್ರೇಲಿನ ಒಂದು ಅಧ್ಯಯನದಲ್ಲಿ 40 ಸಿಟ್ಟಿಂಗ್ ಆದವರು ಚೇತರಿಸಿಕೊಂಡರು, ಆದರೆ ಅದರಲ್ಲಿ ಹೋಲಿಸಿ ನೋಡಲು ನಕಲಿ ಚಿಕಿತ್ಸೆ ಪಡೆದವರು ಯಾರೂ ಇರಲಿಲ್ಲ. 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಆ ಕೊರತೆ ಇರಲಿಲ್ಲ. ಅದರಲ್ಲಿದ್ದವರು 72 ಸೈನಿಕರು. ಕೆಲವರಿಗೆ ಮಾಮೂಲಿ ಗಾಳಿಯ ಒಂದೂವರೆ ಪಟ್ಟು ಒತ್ತಡದಲ್ಲಿ ಶುದ್ಧ ಆಕ್ಸಿಜನ್, ಕೆಲವರಿಗೆ ಅದೇ ತರಹದ ಚೇಂಬರಿನಲ್ಲಿ ಒತ್ತಡ ಸ್ವಲ್ಪವೇ ಹೆಚ್ಚಿಸಿದ ಬರೀ ಗಾಳಿ, ಉಳಿದವರಿಗೆ ಚೇಂಬರೇ ಇಲ್ಲ. ಒಳಗೆ ಕೂತ ಎರಡೂ ಗುಂಪಿನವರಿಗೆ ಗುಣ ಕಂಡಿತು, ಒಬ್ಬರಿಗಿಂತ ಒಬ್ಬರಿಗೆ ಹೆಚ್ಚೇನಿಲ್ಲ! ಆ ಗಾಳಿಯೂ ಚಿಕಿತ್ಸೆಯೇ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ದಿನಾ ಒಂದು ಹೊತ್ತಿಗೆ ಎದ್ದು ಹೋಗುವುದು, ಯಾರೋ ಕಾಳಜಿಯಿಂದ ನೋಡಿಕೊಳ್ಳುವುದು, ಗುಣವಾಗುತ್ತೆ ಅನ್ನುವ ನಂಬಿಕೆ, ಇದೆಲ್ಲ ನರಳುವ ಮನುಷ್ಯನಿಗೆ ಸಣ್ಣದಲ್ಲ, ಅಲ್ವಾ?

ಈಗ ಮಾಡಬೇಕಾದದ್ದು: ತಲೆಸುತ್ತಿಗೆ ಬ್ಯಾಲೆನ್ಸ್ ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋಗಿ. ಕುತ್ತಿಗೆಯನ್ನೂ ತೋರಿಸಿ, ಬಿದ್ದವರಲ್ಲಿ ಎಷ್ಟೋ ಸಲ ತಲೆನೋವು ಕುತ್ತಿಗೆಯಿಂದಲೇ ಬರುತ್ತಿರುತ್ತದೆ. ಕತ್ತಲ ಕೋಣೆಯಲ್ಲಿ ಮಲಗಿಸಿಡಬೇಡಿ. ತೊಂದರೆ ಜಾಸ್ತಿಯಾಗದಷ್ಟು ವೇಗದಲ್ಲಿ ದಿನಾ ನಡೆಯಲಿ, ವಾರವಾರಕ್ಕೆ ಸ್ವಲ್ಪ ಹೆಚ್ಚಿಸಲಿ. ನಿದ್ದೆ, ಬೇಸರ, ಆತಂಕದ ಬಗ್ಗೆ ನರರೋಗ ತಜ್ಞರ ಹತ್ತಿರ ಬಾಯಿಬಿಟ್ಟು ಹೇಳಲಿ. ತಲೆನೋವಿನ ಮಾತ್ರೆ ವಾರದಲ್ಲಿ ಎಷ್ಟು ನುಂಗುತ್ತಾನೆ ಅಂತ ಲೆಕ್ಕ ಬರೆದಿಡಿ, ಅತಿಯಾದರೆ ಮಾತ್ರೆಯೇ ತಲೆನೋವು ತರುತ್ತದೆ.

ಇಷ್ಟಾದರೂ ಚೇಂಬರ್ ನೋಡಬೇಕು ಅನ್ನಿಸಿದರೆ ಮೊದಲು ಕಿವಿ, ಶ್ವಾಸಕೋಶ ಪರೀಕ್ಷೆ ಮಾಡಿಸಿ. ಒತ್ತಡಕ್ಕೆ ಕಿವಿಗೆ ಪೆಟ್ಟಾಗಬಹುದು, ಅಪರೂಪಕ್ಕೆ ಫಿಟ್ಸ್ ಬರುವುದೂ ಉಂಟು. ಅವನಿಗೆ ಹಿಂದೆ ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ಅದನ್ನು ಮುಚ್ಚಿಡದೆ ಹೇಳಿ.