'ನಾನು ಯಾರು' ಅಂತ ಕೇಳಿಕೊಂಡರೆ ತಲೆಯಲ್ಲಿ ಗಲಾಟೆಯೇ ಜಾಸ್ತಿಯಾಗುತ್ತಿದೆ, ತಪ್ಪೆಲ್ಲಿ?

ಎರಡು ತಿಂಗಳಿಂದ ದಿನಾ ಅರ್ಧ ಗಂಟೆ ಮೌನವಾಗಿ ಕೂತು 'ನಾನು ಯಾರು' ಅಂತ ಕೇಳಿಕೊಳ್ಳುತ್ತಿದ್ದೀರಿ, ಆದರೂ ನೆಮ್ಮದಿ ಇಲ್ಲ ಅಂತ ಬರೆದಿದ್ದೀರಿ. ಆ ಗಲಾಟೆ ಮೊದಲೂ ಇಷ್ಟೇ ಇತ್ತು ಅನಿಸುತ್ತದೆ. ಫ್ಯಾನ್ ನಿಂತ ಮೇಲೆ ಗಡಿಯಾರದ ಸದ್ದು ಕೇಳಿಸಿದ ಹಾಗೆ, ಈಗ ಕಿವಿಗೆ ಬೀಳುತ್ತಿದೆ ಅಷ್ಟೇ. ಗೀತೆಯ ಆರನೇ ಅಧ್ಯಾಯದಲ್ಲಿ ಅರ್ಜುನನ ದೂರೂ ಇದೇ ಅಲ್ವಾ? ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟೇ ಕಷ್ಟ ಅಂತಾನೆ.

ನಾನು ಮಾಡಿದ ತಪ್ಪನ್ನು ಹೇಳುತ್ತೇನೆ, ನಿಮ್ಮದೂ ಅದೇ ಇರಬಹುದು. ಆ ಪ್ರಶ್ನೆಯನ್ನು ನಾನು ಜಪ ಮಾಡಿಬಿಟ್ಟಿದ್ದೆ. ನಾನು ಯಾರು, ನಾನು ಯಾರು, ನಾನು ಯಾರು... ಬಾಯಿಪಾಠ. ಜೊತೆಗೆ ಓದಿದ್ದ ಉತ್ತರ ರೆಡಿ ಇತ್ತು: 'ನಾನು ಆತ್ಮ'. ಪರೀಕ್ಷೆಯಲ್ಲಿ ಕಾಪಿ ಹೊಡೆದ ಹಾಗೆ. ಅದರಿಂದ ಏನೂ ಆಗಲಿಲ್ಲ.

ಈ ದಾರಿಯನ್ನು ನಮ್ಮ ಕಾಲಕ್ಕೆ ತಂದವರು ರಮಣ ಮಹರ್ಷಿಗಳು. 1896ರಲ್ಲಿ ಮದುರೆಯ ಮನೆಯಲ್ಲಿ ಹದಿನಾರರ ಹುಡುಗನಿಗೆ ಇದ್ದಕ್ಕಿದ್ದಂತೆ ಸಾವಿನ ಭಯ ಬಂತು. ಓಡಲಿಲ್ಲ, ಯಾರನ್ನೂ ಕರೆಯಲಿಲ್ಲ. ಹೆಣದ ಹಾಗೆ ಮಲಗಿ, ಈ ದೇಹ ಸತ್ತರೆ ನಾನೂ ಸತ್ತೆನೇ ಅಂತ ನೋಡಿದರು. ಕೆಲವೇ ವಾರಗಳಲ್ಲಿ ತಿರುವಣ್ಣಾಮಲೈ ಸೇರಿದರು. 1902ರ ಸುಮಾರಿಗೆ ಶಿವಪ್ರಕಾಶಂ ಪಿಳ್ಳೈ ಅನ್ನುವವರು ಅಲ್ಲಿನ ಅರುಣಾಚಲ ಬೆಟ್ಟದ ಗುಹೆಗೆ ಬಂದು ಇದೇ ಪ್ರಶ್ನೆ ಕೇಳಿದಾಗ ರಮಣರು ಮೌನದಲ್ಲಿದ್ದರು. ಉತ್ತರಗಳನ್ನು ಬರೆದು ತೋರಿಸಿದರು.

ಅಲ್ಲಿ ಅವರು ಹೇಳಿದ್ದು ತುಂಬಾ ಸರಳ. ಒಂದು ಯೋಚನೆ ಬಂತಾ? ಅದನ್ನು ಓಡಿಸಲು ಹೋಗಬೇಡಿ, ಅದರ ಬೆನ್ನು ಹತ್ತಲೂ ಬೇಡಿ. 'ಇದು ಯಾರಿಗೆ ಬಂತು?' ಅಂತ ಕೇಳಿ. 'ನನಗೆ' ಅನ್ನುತ್ತದೆ. ಆ 'ನಾನು' ಎಲ್ಲಿಂದ ಏಳುತ್ತಿದೆ ಅಂತ ತಿರುಗಿ ನೋಡಿ. ಪದಗಳಲ್ಲಿ ಉತ್ತರ ಬೇಕಿಲ್ಲ. ಚಿತೆಯನ್ನು ಕೆದಕಿದ ಕೋಲು ಕೊನೆಗೆ ತಾನೂ ಉರಿದು ಹೋಗುವ ಹಾಗೆ, ಆ ಪ್ರಶ್ನೆಯೂ ಹೋಗುತ್ತದೆ ಅಂತಾರೆ. ನನಗೆ ಕೋಲು ಉರಿಯುವ ಹಂತ ಬಂದಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ತಿರುಗಿ ನೋಡಿದ ಆ ಒಂದೆರಡು ಕ್ಷಣ ಯೋಚನೆ ಮುಂದಕ್ಕೆ ಹೋಗದೆ ನಿಲ್ಲುತ್ತದೆ. ಆಮೇಲೆ ಮತ್ತೆ ಶುರು. ಮತ್ತೆ ಕೇಳಬೇಕು.

ಮೌನದ ವಿಷಯ. ಒಂದು ಸಲ ಇಡೀ ದಿನ ಮೌನವ್ರತ ಹಿಡಿದೆ. ಸಂಜೆಯೊಳಗೆ ಅರ್ಧ ನೋಟ್‌ಬುಕ್ ಚೀಟಿ ಬರೆದು ಮುಗಿಸಿದ್ದೆ. ಮನೆಯವರು, 'ಇದಕ್ಕಿಂತ ಮಾತಾಡೋದೇ ವಾಸಿ' ಅಂದರು. ರಮಣರೂ ಚೀಟಿ ಬರೆದರು ನಿಜ, ಆದರೆ ಕೇಳಿದವರಿಗೆ ಮಾತ್ರ! ಗೀತೆ ಮೌನವನ್ನು ಮಾತಿನ ತಪಸ್ಸಿನಲ್ಲಿ ಸೇರಿಸಿಲ್ಲ, ಮನಸ್ಸಿನ ತಪಸ್ಸಿನಲ್ಲಿ ಸೇರಿಸಿದೆ. ಯಾಕೆ ಅಂತ ಆ ದಿನ ಗೊತ್ತಾಯಿತು.

ಅರ್ಧ ಗಂಟೆ ಕಷ್ಟವಾದರೆ ಹತ್ತು ನಿಮಿಷ ಸಾಕು. ಉಸಿರನ್ನು ಗಮನಿಸಿ ಶುರು ಮಾಡಿ, ಮನಸ್ಸು ಸ್ವಲ್ಪ ತಣ್ಣಗಾಗುತ್ತದೆ. ಭಯ ಹೆಚ್ಚಾಗಿ ನಿದ್ದೆಯೇ ಕೆಟ್ಟಿದ್ದರೆ ಕೂರುವುದನ್ನು ನಿಲ್ಲಿಸಿ, ಡಾಕ್ಟರನ್ನು ನೋಡಿ.

ನನಗೆ ಇದು ನಿಜವಾಗಿ ಉಪಯೋಗಕ್ಕೆ ಬಂದದ್ದು ಕಣ್ಣು ಮುಚ್ಚಿ ಕೂತಾಗಲ್ಲ. ನಾನು ಮಾಡಿದ ಕೆಲಸವನ್ನು ಒಬ್ಬ ಸಹೋದ್ಯೋಗಿ ತನ್ನದೆಂದು ಹೇಳಿಕೊಂಡ. ರಾತ್ರಿಯೆಲ್ಲ ಮನಸ್ಸಿನಲ್ಲೇ ಅವನ ಜೊತೆ ಜಗಳ. ಎರಡು ಗಂಟೆಗೆ ನೆನಪಾಯಿತು: ಯಾರಿಗೆ ನೋವಾಗಿದೆ? ನನಗೆ. ಯಾವ ನನಗೆ? ನಾಲ್ಕು ಜನ ಹೊಗಳಲಿ ಅಂತ ಕಾದಿದ್ದ ಒಬ್ಬನಿಗೆ. ಅವನನ್ನು ನೋಡುತ್ತಾ ಮಲಗಿದ್ದೆ, ಯಾವಾಗ ನಿದ್ದೆ ಬಂತೋ ಗೊತ್ತಿಲ್ಲ. ಬೆಳಿಗ್ಗೆ ಎದ್ದಾಗಲೂ ಸಿಟ್ಟು ಇತ್ತು. ಆದರೆ ತಿಂಡಿ ತಿನ್ನುವಾಗ ಅವನ ನೆನಪಾಗಲಿಲ್ಲ.