1947ರಲ್ಲಿ ಒಂದು ಡಾಲರ್‌ಗೆ ಒಂದು ರೂಪಾಯಿ ಇತ್ತೇ?

(ಮಾಲೂರಿನ ನಿವೃತ್ತ ಶಿಕ್ಷಕರೊಬ್ಬರು ಬರೆದ ಪತ್ರದ ಸಾರ: "ನಮ್ಮೂರ ಶಾಲೆಯ ಸ್ವಾತಂತ್ರ್ಯ ದಿನದ ಭಾಷಣದಲ್ಲಿ 1947ರಲ್ಲಿ ಒಂದು ಡಾಲರ್‌ಗೆ ಒಂದೇ ರೂಪಾಯಿ ಇತ್ತು ಅಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ವಾಟ್ಸಾಪ್‌ನಲ್ಲೂ ಇದೇ ಮಾತು. ನಿಜವೇ? ಕೆಜಿಎಫ್ ಚಿನ್ನ ನಮ್ಮಲ್ಲೇ ಉಳಿದಿದ್ದರೆ ರೂಪಾಯಿ ಬೀಳುತ್ತಿರಲಿಲ್ಲ ಅಲ್ವಾ? ಮತ್ತೆ ಒಂದಕ್ಕೊಂದು ಆಗುವ ಕಾಲ ಬಂದೀತೇ?")

ಮೇಷ್ಟ್ರೇ, ನಮಸ್ಕಾರ.

ಮೊದಲ ಪ್ರಶ್ನೆಗೆ ಉತ್ತರ: ನಿಜ ಅಲ್ಲ. 1947ರಲ್ಲಿ ಒಂದು ಡಾಲರ್‌ಗೆ ಸುಮಾರು 3 ರೂಪಾಯಿ 5 ಆಣೆ ಇತ್ತು (ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ). ಈ ಲೆಕ್ಕವನ್ನು ನಿಮ್ಮ ಮಕ್ಕಳೇ ಕಪ್ಪು ಹಲಗೆಯ ಮೇಲೆ ಮಾಡಿ ನೋಡಬಹುದು. ಆಗ ನಮ್ಮ ರೂಪಾಯಿಯನ್ನು ಕಟ್ಟಿದ್ದು ಪೌಂಡಿಗೆ. 1927ರ ಕಾನೂನಿನ ಪ್ರಕಾರ ಒಂದು ರೂಪಾಯಿಗೆ 1 ಶಿಲಿಂಗ್ 6 ಪೆನ್ಸ್, ಅಂದರೆ 18 ಪೆನ್ಸ್. ಪೌಂಡಿಗೆ 240 ಪೆನ್ಸ್. ಭಾಗಿಸಿದರೆ ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ ಆಯಿತು. ಒಂದು ಪೌಂಡಿಗೆ ಆಗ 4.03 ಡಾಲರ್. ಇನ್ನೊಂದು ಸಲ ಭಾಗಿಸಿ, ಉತ್ತರ ಸಿಕ್ಕಿತು.

ಈ 18 ಪೆನ್ಸ್ ಸುಮ್ನೆ ಬಂದ ಸಂಖ್ಯೆ ಅಲ್ಲ. ಅದರ ಹಿಂದೆ ದೊಡ್ಡ ಜಗಳವೇ ನಡೆದಿತ್ತು. ಮೊದಲ ಮಹಾಯುದ್ಧಕ್ಕೆ ಮುಂಚೆ ರೂಪಾಯಿಗೆ 16 ಪೆನ್ಸ್ ಇತ್ತು, ಅಂದರೆ ಪೌಂಡಿಗೆ 15 ರೂಪಾಯಿ. 1926ರಲ್ಲಿ, ರೂಪಾಯಿಯ ದರ ಎಷ್ಟಿರಬೇಕು ಎಂದು ನೋಡಲು ಬ್ರಿಟಿಷ್ ಸರ್ಕಾರ ನೇಮಿಸಿದ್ದ ಹಿಲ್ಟನ್ ಯಂಗ್ ಆಯೋಗ ಅದನ್ನು 18 ಪೆನ್ಸ್‌ಗೆ ಗೊತ್ತುಮಾಡಿ ಎಂದಿತು. ಆಯೋಗದಲ್ಲೇ ಇದ್ದ ಮುಂಬೈನ ವ್ಯಾಪಾರಿ ಪುರುಷೋತ್ತಮದಾಸ್ ಠಾಕುರ್‌ದಾಸ್ ಒಪ್ಪಲಿಲ್ಲ, 16 ಪೆನ್ಸೇ ಸರಿ ಎಂದು ಬೇರೆಯಾಗಿ ಬರೆದು ಕೊಟ್ಟರು.

ಎರಡು ಪೆನ್ಸ್‌ಗೆ ಇಷ್ಟು ಗಲಾಟೆ ಏಕೆ ಅಂತ ಕೇಳಬಹುದು. ಕೆಜಿಎಫ್‌ನಿಂದ ಒಬ್ಬ ಬ್ರಿಟಿಷ್ ಎಂಜಿನಿಯರ್ ತನ್ನ ಮನೆಗೆ 1,000 ರೂಪಾಯಿ ಕಳಿಸಿದ ಅಂತ ಇಟ್ಟುಕೊಳ್ಳಿ. ಹಳೆಯ ದರದಲ್ಲಿ ಅಲ್ಲಿ ಕೈಗೆ ಸಿಗುವುದು 66 ಪೌಂಡ್ 13 ಶಿಲಿಂಗ್. ಹೊಸ ದರದಲ್ಲಿ ಪೂರ್ತಿ 75 ಪೌಂಡ್. ಕೆಲಸ ಅದೇ, ಸಂಬಳ ಅದೇ. ಬ್ರಿಟಿಷ್ ಅಧಿಕಾರಿಗಳ ಪಿಂಚಣಿಗೆ ಲಂಡನ್ನಿಗೆ ಹಣ ಕಳಿಸಬೇಕಿದ್ದ ಸರ್ಕಾರಕ್ಕೂ ಇದೇ ಲಾಭ. ಆದರೆ ಹತ್ತಿ, ಸೆಣಬು, ಎಣ್ಣೆಬೀಜ ಬೆಳೆದು ಹೊರಗೆ ಮಾರುವ ರೈತನಿಗೆ? ಲಂಡನ್ನಿನಲ್ಲಿ ಒಂದು ಪೌಂಡಿಗೆ ಹೋದ ಮಾಲಿಗೆ ಮೊದಲು 15 ರೂಪಾಯಿ ಬರುತ್ತಿತ್ತು, ಈಗ 13 ಚಿಲ್ಲರೆ. ಅವನ ಕಂದಾಯ, ಸಾಲ, ಬಡ್ಡಿ ಮಾತ್ರ ಒಂದು ಕಾಸೂ ಇಳಿಯಲಿಲ್ಲ. ಗಟ್ಟಿ ರೂಪಾಯಿ ಎಂದು ಹೆಮ್ಮೆಪಡುವವರು ಈ ಪುಟವನ್ನು ಓದಲೇಬೇಕು ಎಂಬುದು ನನ್ನ ಅನಿಸಿಕೆ. ಆ ದರ ನಮಗೆ ಸಿಕ್ಕ ಗೌರವ ಅಲ್ಲ, ನಮ್ಮ ಮೇಲೆ ಹೊರಿಸಿದ ದರ.

ಆಮೇಲಿನದು ನಿಮಗೆ ಗೊತ್ತಿರುವ ಕಥೆ. 1949ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ತನ್ನ ಪೌಂಡನ್ನು 2.80 ಡಾಲರ್‌ಗೆ ಇಳಿಸಿತು. ನಾವೂ ಜೊತೆಗೇ ಇಳಿದೆವು, ಡಾಲರ್ 4 ರೂಪಾಯಿ 76 ಪೈಸೆಯ ಲೆಕ್ಕಕ್ಕೆ ಬಂತು. 1966ರ ಜೂನ್ 6ರಂದು ಇಂದಿರಾ ಗಾಂಧಿ ಸರ್ಕಾರ ಅದನ್ನು 7.50 ಮಾಡಿತು. ಯುದ್ಧ ಮುಗಿದಿತ್ತು, ಮಳೆ ಕೈಕೊಟ್ಟಿತ್ತು, ಅಮೆರಿಕದ ಗೋಧಿಯ ಮೇಲೆ ದೇಶ ನಿಂತಿತ್ತು. 1975ರಲ್ಲಿ ಪೌಂಡಿನ ನಂಟು ಬಿಟ್ಟೆವು. 1991ರ ಜುಲೈ 1 ಮತ್ತು 3ರಂದು ಎರಡು ಏಟಿಗೆ 21ರಿಂದ 26ರ ಹತ್ತಿರ ಹೋಯಿತು. 1993ರಿಂದ ದರವನ್ನು ಮಾರುಕಟ್ಟೆಗೆ ಬಿಟ್ಟಾಯಿತು.

ಇನ್ನು ನಿಮ್ಮ ಜಿಲ್ಲೆಯ ಚಿನ್ನ. ಇದನ್ನು ಓದುವಾಗ ನಿಮಗೆ ನೋವಾಗಬಹುದು. ನನಗೂ ಆಗುತ್ತದೆ. 1880ರಿಂದ ಜಾನ್ ಟೇಲರ್ ಕಂಪನಿ ಅಲ್ಲಿ ಗಣಿ ನಡೆಸಿತು. ಕೆಳಗೆ ಇಳಿದವರು ನಮ್ಮವರು, ಕೂಲಿ ರೂಪಾಯಿಯಲ್ಲಿ. ಷೇರುದಾರರು ಲಂಡನ್ನಿನಲ್ಲಿ, ಲಾಭ ಪೌಂಡಿನಲ್ಲಿ. ಅದು ಅನ್ಯಾಯವೇ, ಎರಡು ಮಾತಿಲ್ಲ. ಆದರೆ ಆ ಚಿನ್ನ ಉಳಿದಿದ್ದರೆ ರೂಪಾಯಿ ಬೀಳುತ್ತಿರಲಿಲ್ಲ ಎನ್ನುವ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ. 2001ರಲ್ಲಿ ಬಾಗಿಲು ಮುಚ್ಚುವ ತನಕ, 120 ವರ್ಷದಲ್ಲಿ, ಕೆಜಿಎಫ್ ಕೊಟ್ಟ ಚಿನ್ನ ಸುಮಾರು 800 ಟನ್. ಇತ್ತೀಚೆಗೆ ನಮ್ಮ ದೇಶ ಹೆಚ್ಚುಕಡಿಮೆ ಅಷ್ಟು ಚಿನ್ನವನ್ನು ಒಂದೇ ವರ್ಷದಲ್ಲಿ ಆಮದು ಮಾಡಿಕೊಳ್ಳುತ್ತಿದೆ! ಅದಕ್ಕೆಲ್ಲ ಡಾಲರ್ ಕೊಡಬೇಕು. ಕಚ್ಚಾ ತೈಲದ ಬಿಲ್ಲು ಬೇರೆ. ಹೊರಗೆ ಮಾರುವುದಕ್ಕಿಂತ ಕೊಳ್ಳುವುದು ಜಾಸ್ತಿ, ಹೆಚ್ಚಿನ ವರ್ಷಗಳಲ್ಲಿ ನಮ್ಮಲ್ಲಿ ಬೆಲೆ ಏರಿದ್ದು ಅಮೆರಿಕಕ್ಕಿಂತ ಜೋರು. ವರ್ಷಾನುಗಟ್ಟಲೆ ಹೀಗೇ ನಡೆದರೆ ದರ ಇಳಿಯದೆ ಇರುವುದಿಲ್ಲ.

ಚಿನ್ನ ಕಷ್ಟಕಾಲಕ್ಕೆ ಆಗುತ್ತದೆ ಎನ್ನುವುದು ಮಾತ್ರ ಸತ್ಯ. 1991ರಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗೆ ಅಡ ಇಟ್ಟು ಸಾಲ ತಂದಿತು. ನಮ್ಮ ಮನೆಗಳಲ್ಲಿ ಬಳೆ ಅಡ ಇಟ್ಟು ಮಗನ ಫೀಸು ಕಟ್ಟಿದ ಹಾಗೆ. ಮರ್ಯಾದೆ ಉಳಿಯಿತು, ದರ ಉಳಿಯಲಿಲ್ಲ.

ಕೊನೆಯ ಪ್ರಶ್ನೆ, ಮತ್ತೆ ಒಂದಕ್ಕೊಂದು ಆದೀತೇ ಎಂದು. ಆಗಬಾರದು ಮೇಷ್ಟ್ರೇ. ನಾಳೆಯೇ ಡಾಲರ್‌ಗೆ ಒಂದು ರೂಪಾಯಿ ಎಂದು ಸರ್ಕಾರ ಸಾರಿತು ಅಂತ ಭಾವಿಸಿ. ಚೀನಾದ ರೇಷ್ಮೆ ನೂಲು ಕಿಲೋಗೆ 50 ಡಾಲರ್ ಎಂದರೆ ಇಲ್ಲಿ 50 ರೂಪಾಯಿ. ಶಿಡ್ಲಘಟ್ಟದ ಗೂಡು ಮಾರುಕಟ್ಟೆಯಲ್ಲಿ ಆವತ್ತು ಹರಾಜು ಕೂಗುವವರು ಯಾರು? ರೀಲರು ನೂಲು ತೆಗೆದು ಯಾರಿಗೆ ಮಾರಬೇಕು? 1930ರ ದಶಕದಲ್ಲಿ ಜಪಾನ್, ಚೀನಾದ ಅಗ್ಗದ ರೇಷ್ಮೆ ಬಂದು ಮೈಸೂರು ಸೀಮೆಯ ಬೆಳೆಗಾರರು ಹೀಗೇ ನೆಲ ಕಚ್ಚಿದ್ದರು. 1934ರಲ್ಲಿ ಆಮದು ಸುಂಕ ಹಾಕಿಸಿಕೊಂಡು ಉಸಿರು ಹಿಡಿದರು. ನಿಮ್ಮ ಶಾಲೆಯಲ್ಲಿ ಹುಳ ಸಾಕುವ ಮನೆಯ ಮಕ್ಕಳು ಇದ್ದೇ ಇರುತ್ತಾರೆ. ಮುಂದಿನ ಸಲ ಯಾರಾದರೂ ಈ ಭಾಷಣ ಮಾಡಿದರೆ, ಆ ಮಕ್ಕಳ ಕೈಲೇ ಈ ಲೆಕ್ಕ ಹಾಕಿಸಿ. ಏನು ಹೇಳಿದರು ಎಂದು ನಮಗೆ ಬರೆಯಿರಿ, ಖಂಡಿತ ಪ್ರಕಟಿಸುತ್ತೇವೆ.

— ಸಂ.