ಟೂರ್ನಮೆಂಟ್‌ಗೆ ಹತ್ತೇ ದಿನ ಇರುವಾಗ ಹೊಸ ಪೂಲ್ ಕ್ಯೂ ಹಿಡಿಯಬಹುದಾ?

ಹತ್ತು ದಿನದಲ್ಲಿ ಪೂಲ್ ಟೂರ್ನಮೆಂಟ್ ಇದೆ, ಅಣ್ಣ ಪ್ರೀತಿಯಿಂದ ಕಾರ್ಬನ್ ಶಾಫ್ಟ್‌ನ (ಶಾಫ್ಟ್ ಅಂದರೆ ಕ್ಯೂ ಕೋಲಿನ ಮುಂದಿನ ಭಾಗ) ಹೊಸ ಕ್ಯೂ ಕೊಡಿಸಿದ್ದಾರೆ, ಹಳೆಯದರಲ್ಲಿ ಮಿಸ್‌ಕ್ಯೂ (ಹೊಡೆಯುವಾಗ ಕ್ಯೂ ತುದಿ ಬಾಲ್ ಮೇಲೆ ಜಾರೋದು) ಜಾಸ್ತಿ ಆಗ್ತಿದೆ ಅಂತ ಬರೆದಿದ್ದೀರಿ. ನನ್ನ ಮಾತು ಕೇಳೋದಾದರೆ ಹಳೆಯ ಕ್ಯೂನಲ್ಲೇ ಆಡಿ.

ನಾನೂ ಬೆಳಗಾವಿಯವನೇ, ತಿಲಕವಾಡಿ ಕಡೆ ಆಡ್ತೀನಿ. ಒಮ್ಮೆ ಹುಬ್ಬಳ್ಳಿಗೆ ಆಡೋಕೆ ಹೋಗುವ ನಾಲ್ಕು ದಿನ ಮೊದಲು ಶಾಫ್ಟ್ ಬದಲಾಯಿಸಿದ್ದೆ. ನೇರ ಹೊಡೆತಗಳೆಲ್ಲ ಚೆನ್ನಾಗಿ ಬೀಳುತ್ತಿದ್ದವು. ಎರಡನೇ ಮ್ಯಾಚ್‌ನಲ್ಲಿ ಬ್ಲ್ಯಾಕ್ ಬಾಲ್ ಒಂದೇ ಉಳಿದಿತ್ತು, ಮೂಲೆ ಪಾಕೆಟ್‌ನಿಂದ ಒಂದು ಗೇಣು ದೂರ. ವೈಟ್, ಅಂದರೆ ಕ್ಯೂನಿಂದ ಹೊಡೆಯುವ ಬಿಳಿ ಬಾಲ್, ಟೇಬಲ್‌ನ ಈ ತುದಿಯಲ್ಲಿ. ವೈಟ್ ಒಳಗೆ ಬೀಳಬಾರದು ಅಂತ ಸ್ವಲ್ಪ ಬಲಕ್ಕೆ ಸೈಡ್ ಕೊಟ್ಟೆ, ಅಂದರೆ ವೈಟ್‌ನ ನಡುವಿಗೆ ಹೊಡೆಯದೆ ತುಸು ಬಲಗಡೆ ಹೊಡೆದೆ. ಬ್ಲ್ಯಾಕ್ ಪಾಕೆಟ್ ಬಾಯಿಗೆ ಬಡಿದು ಅಲ್ಲೇ ನಿಂತುಬಿಟ್ಟಿತು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಕಾರಣ ಇಷ್ಟು. ಬಲಕ್ಕೆ ಸೈಡ್ ಕೊಟ್ಟರೆ ವೈಟ್ ನಾವು ನೋಡಿದ ಗೆರೆಯಿಂದ ತುಸು ಎಡಕ್ಕೆ ಸರಿದು ಹೋಗುತ್ತದೆ. ಎಷ್ಟು ಸರಿಯುತ್ತದೆ ಅನ್ನೋದು ಶಾಫ್ಟ್‌ನ ಮುಂದಿನ ಗೇಣುದ್ದದ ತೂಕದ ಮೇಲೆ ನಿಂತಿದೆ. ಅಲ್ಲಿ ಹಗುರ ಇದ್ದಷ್ಟೂ ಸರಿಯೋದು ಕಮ್ಮಿ. ಕಾರ್ಬನ್ ಶಾಫ್ಟ್‌ಗಳು ಸಾಮಾನ್ಯವಾಗಿ ಹಾಗೇ ಇರುತ್ತವೆ. ಮರದ ಕ್ಯೂನಲ್ಲಿ ಪಳಗಿದ ಕೈ, ನಮಗೇ ಗೊತ್ತಾಗದಂತೆ, ಆ ಸರಿಯುವಿಕೆಗೆ ಜಾಗ ಬಿಟ್ಟು ಗುರಿ ಇಡುತ್ತದೆ. ಹೊಸ ಕ್ಯೂ ಹಿಡಿದರೂ ಅಷ್ಟೇ ಜಾಗ ಬಿಡುತ್ತದೆ, ಆದರೆ ಬಾಲ್ ಅಷ್ಟು ಸರಿಯೋದಿಲ್ಲ. ಹೊಸ ಕ್ಯೂ ಒಳ್ಳೆಯದೇ, ಆದರೆ ಕೈ ಅದಕ್ಕೆ ಒಗ್ಗೋಕೆ ಹತ್ತು ದಿನ ಸಾಲದು. ತುದಿಯ ದಪ್ಪವೂ ಬೇರೆ. ಮರದ್ದು ಸುಮಾರು 13 ಮಿ.ಮೀ., ಕಾರ್ಬನ್ ಶಾಫ್ಟ್‌ಗಳಲ್ಲಿ ಅದಕ್ಕಿಂತ ಸಣ್ಣವೇ ಜಾಸ್ತಿ.

ಇನ್ನು ಮಿಸ್‌ಕ್ಯೂ ವಿಷಯ. ಮೊದಲು ಟಿಪ್ಪನ್ನು, ಅಂದರೆ ಕ್ಯೂ ತುದಿಯ ಚಕ್ಕಳದ ತುಂಡನ್ನು, ಬೆಳಕಿಗೆ ಹಿಡಿದು ನೋಡಿ. ನನ್ನ ಟಿಪ್ ನೋಡಿ ಪಾರ್ಲರ್‌ನ ಕಾಕಾ ಒಬ್ಬರು, "ಏ ತಮ್ಮಾ, ಇದು ಕನ್ನಡಿ ಆಗೇತಿ, ಚಾಕ್ ಹೆಂಗ ನಿಲ್ತೈತಿ?" ಅಂದಿದ್ದರು. ಹೊಳಪು ಬಂದಿದ್ದರೆ ಪಾಲಿಶ್ ಪೇಪರ್‌ನಲ್ಲಿ ಮೆಲ್ಲಗೆ ಉಜ್ಜಿ ಒರಟು ಮಾಡಿ. ಗುಂಡಗಿನ ಆಕಾರ ಈಗಿನ ಒಂದು ರೂಪಾಯಿ ನಾಣ್ಯದ ಅಂಚಿಗೆ ಹೊಂದಬೇಕು. ಚಕ್ಕಳ ತೀರಾ ತೆಳುವಾಗಿದ್ದರೆ ಮಾತ್ರ ಹೊಸ ಟಿಪ್ ಹಾಕಿಸಿ. ಅದೂ ಇವತ್ತೇ, ಅದೇ ಕಂಪನಿ, ಅದೇ ಗಟ್ಟಿತನ. ಹೊಸ ಚಕ್ಕಳ ಹೊಡೆತಕ್ಕೆ ಕುಗ್ಗಿ ಅಂಚಿನಿಂದ ಹೊರಗೆ ಉಬ್ಬುತ್ತದೆ. ಎರಡು ಮೂರು ದಿನ ಆಡಿ, ಆ ಉಬ್ಬು ಕತ್ತರಿಸಿ, ಮತ್ತೆ ಆಕಾರ ಕೊಡಬೇಕು. ಅದಕ್ಕೇ ಅವಸರ ಮಾಡಿ ಅಂತಿರೋದು.

ಇನ್ನೊಂದು. ಈ ಮಳೆಯಲ್ಲಿ ನಮ್ಮೂರ ಟೇಬಲ್‌ಗಳ ಬಟ್ಟೆ ತೇವ ಹಿಡಿದು ಬಾಲ್ ನಿಧಾನ ಓಡುತ್ತದೆ. ವೈಟ್ ಅರ್ಧದಲ್ಲೇ ನಿಂತರೆ ಸುಮ್ನೆ ಕ್ಯೂ ಮೇಲೆ ಅನುಮಾನ ಪಡಬೇಡಿ.

ಅಣ್ಣನಿಗೆ ಬೇಜಾರಾಗುತ್ತೆ ಅನ್ನಿಸಿದರೆ ಹೊಸದನ್ನು ಬ್ರೇಕ್‌ಗೆ (ಆಟ ಶುರು ಮಾಡುವ ಮೊದಲ ಹೊಡೆತಕ್ಕೆ) ಮಾತ್ರ ಬಳಸಿ. ಅಲ್ಲಿ ಸೈಡ್ ಕೊಡೋದಿಲ್ಲ, ಬಾಲ್‌ನ ನಡುವಿಗೇ ಹೊಡೆಯೋದು ಅಲ್ವಾ. ಟೂರ್ನಮೆಂಟ್ ಮುಗಿದ ಮೇಲೆ ಒಂದು ತಿಂಗಳು ದಿನಾ ಅದೊಂದನ್ನೇ ಹಿಡಿದು ಆಡಿ.